ಹೆಣ್ಣು ನೋಡಲು ಬಂದು ಪೇಪರ್ ಓದಿಸಿದವರು

ನನ್ನನ್ನು ನೋಡಲು ಬಂದವರು ನನ್ನ ಮುಖ ನೋಡಲಿಲ್ಲ, ಪೇಪರ್ ಓದಿಸಿದರು. ಅದಕ್ಕೇ ಎರಡನೇ ಮಹಾಯುದ್ಧ ಮುಗಿದ ಮೇಲಿನ ಆ ಒಂದು ದಿನದ ದಪ್ಪಕ್ಷರದ ಸುದ್ದಿಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠ. ನಿನ್ನೆಯ ಪೇಪರಿನಲ್ಲಿ ಏನಿತ್ತು ಎಂದು ಕೇಳಿ, ಗೊತ್ತಿಲ್ಲ. ನೆನಪಿಟ್ಟುಕೊಳ್ಳುವಂಥದ್ದು ಏನೂ ಇರುವುದಿಲ್ಲ ಬಿಡಿ.

ಹೊಳೆನರಸೀಪುರದಲ್ಲಿ ನಮ್ಮದು ಬೆಲ್ಲದ ಮಂಡಿ. ಯುದ್ಧದ ಕಾಲದಲ್ಲಿ ಅದನ್ನು ಕೊಳ್ಳಬೇಡ, ಇದನ್ನು ಸಾಗಿಸಬೇಡ ಎಂಬ ಕಟ್ಟಳೆಗಳಿಗೆ ಸಿಕ್ಕಿ ವ್ಯಾಪಾರ ನೆಲಕಚ್ಚಿತ್ತು. ಅಪ್ಪಯ್ಯನಿಗೆ ವ್ಯಾಪಾರವೆಂದರೆ ವಾಕರಿಕೆ. ಹುಡುಗ ಕಪ್ಪಗಿರಲಿ, ಕುಳ್ಳಗಿರಲಿ, ಮಗಳನ್ನು ಕೊಟ್ಟರೆ ಸರ್ಕಾರಿ ನೌಕರಿಯವನಿಗೇ ಎಂದು ಹಟ ಹಿಡಿದು ಕೂತಿದ್ದರು. ಆದರೆ ಮೊದಲು ಬಂದ ಎರಡು ಗಂಡುಗಳು ನನ್ನ ಬಾಯಿಯ ದೆಸೆಯಿಂದ ತಪ್ಪಿಹೋಗಿದ್ದವು. "ಹಾಡು ಬರುತ್ತಾ" ಎಂದವರಿಗೆ "ನಿಮ್ಮ ಹುಡುಗನಿಗೆ ಬರುತ್ತಾ" ಎಂದಿದ್ದೆ. ಕೇಳಬಾರದೇ?

ಮೂರನೆಯದು ಹಿರೀಸಾವೆ ಕಡೆಯ ಗಂಡು, ಹಾಸನದ ರೇಷನ್ ಆಫೀಸಿನಲ್ಲಿ ಗುಮಾಸ್ತ. ಆ ಬೆಳಿಗ್ಗೆ ಅಜ್ಜಿ ನನ್ನ ಜಡೆಯನ್ನು ಎಳೆದೆಳೆದು ಹೆಣೆಯುತ್ತಾ ಹೇಳಿದರು: "ಇವತ್ ಬಾಯ್ ಬುಟ್ಟೀಯೆ, ನೋಡು. ಇದೂ ತಪ್ಪೋದ್ರೆ ನಿನ್ನ ಬೆಲ್ಲದ್ ಮೂಟೆ ಜೊತೇಲಿ ಮಂಡೀಲೇ ಮಡಗ್ಬೇಕಾಯ್ತದೆ."

ಬೆಳಿಗ್ಗೆ ಬರಬೇಕಾದವರು ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ಆಗ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಬರೀ ಬಾಯಿಮಾತು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಚನ್ನರಾಯಪಟ್ಟಣದಿಂದ ನಮ್ಮೂರಿನವರೆಗೂ ತಳ್ಳಿಕೊಂಡೇ ಬಂದರೋ ಏನೋ, ಹುಡುಗ ಮತ್ತು ಅವನ ದೊಡ್ಡಪ್ಪ ಇಬ್ಬರ ಮುಖವೂ ಬಾಣಲೆಯ ತಳದ ಹಾಗೆ ಕರ್ರಗಿತ್ತು. ಅಜ್ಜಿ ಬಾಗಿಲಲ್ಲೇ ನಿಂತು, "ಲೇ ಮಗ, ಇವ್ರಲ್ಲಿ ಗಂಡ್ಯಾರ್ಲಾ?" ಎಂದು ಅಪ್ಪಯ್ಯನನ್ನು ಗಟ್ಟಿಯಾಗಿ ಕೇಳಿಬಿಟ್ಟರು.

ಮುಖ ತೊಳೆದ ಮೇಲೂ ಹುಡುಗನ ಕಿವಿಗಳಲ್ಲಿ ಮಸಿ ಉಳಿದೇ ಇತ್ತು. ನಾನು ಉಪ್ಪಿಟ್ಟು, ಬೆಲ್ಲದ ಕಾಫಿ ತಂದಿಟ್ಟು ಚಾಪೆಯ ಅಂಚಿನಲ್ಲಿ ಕೂತೆ. ದೊಡ್ಡಪ್ಪನವರ ಗಮನ ನನ್ನ ಮೇಲಿರಲಿಲ್ಲ. ಮೊದಲನೇ ಏರಿನಲ್ಲೇ ಅವರ ಕನ್ನಡಕ ಬಿದ್ದು ಚಕ್ರದಡಿ ಪುಡಿಯಾಗಿತ್ತು. ಚನ್ನರಾಯಪಟ್ಟಣದಲ್ಲಿ ಕೊಂಡ ಪೇಪರು ಕಂಕುಳಲ್ಲಿತ್ತು. ಸುದ್ದಿ ತಿಳಿಯದೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಓದೇಳ್ಲಾ ಅಂತ ಇವ್ನ್ ಕೈಗ್ ಕೊಟ್ರೆ, ಒಂದ್ಸಲ ಬಿಚ್ ನೋಡ್ಬುಟ್ಟು ತಲೆ ಸುತ್ತುತ್ತೆ ಅಂತ ಮಡಚ್ ಮಡಗ್ದ," ಎಂದು ಹುಡುಗನ ಮೇಲೆ ದೂರಿ, ನನ್ನ ಕಡೆ ತಿರುಗಿದರು. "ಮಗೀಗೆ ಓದಾಕ್ ಬತ್ತದಾ?"

ಹೆಣ್ಣಿನ ಕೈಲಿ ಓದಿಸಿ ನೋಡುವುದು ಆಗ ಇದ್ದದ್ದೇ. ಯಾವುದೋ ಪುಸ್ತಕದ ನಾಲ್ಕು ಸಾಲು ಓದಿಸುತ್ತಾರೆ, ತಲೆಯಾಡಿಸುತ್ತಾರೆ, ಮುಗಿಯಿತು. ಇವರು ಪೇಪರನ್ನೇ ನನ್ನ ಮುಂದೆ ಹಿಡಿದರು. ಹುಡುಗ ತಟಕ್ಕನೆ, "ಅದು ಬೇಡಿ ದೊಡ್ಡಪ್ಪ, ಬೇರೆ ಏನಾದ್ರೂ ಓದ್ಲಿ" ಎಂದ. ನನಗೆ ಮೈಯೆಲ್ಲ ಉರಿಯಿತು. ಪೇಪರ್ ಓದುವಷ್ಟು ಬುದ್ಧಿ ನನಗಿಲ್ಲ ಎಂದುಕೊಂಡನೇ ಇವನು? ಕಿತ್ತುಕೊಂಡು ಶುರು ಮಾಡಿಯೇಬಿಟ್ಟೆ.

"ಯುದ್ಧ ಮುಗಿದರೂ ಸಕ್ಕರೆಯ ಅಭಾವ ಮುಂದುವರಿಯಲಿದೆ."

ಅಜ್ಜಿ ಅಡುಗೆಮನೆಯಿಂದ ಎದ್ದು ಬಂದು ನೇರ ಹುಡುಗನ ಮುಂದೆ ನಿಂತರು. ರೇಷನ್ ಆಫೀಸಿನವನೊಬ್ಬ ಕೈಗೆ ಸಿಕ್ಕಿದ್ದು ಅವರಿಗೆ ಅದೇ ಮೊದಲು. "ಯುದ್ದ ಮಾಡೋರ್ಗೆ ಬೇಕು ಅಂತಿದ್ರಿ. ಈಗ ಅವ್ರೂ ಮನೇಗೋದ್ರು. ಸಕ್ರೆ ಎಲ್ಗೋಯ್ತು, ಏಳಪ್ಪ?"

"ಮೇಲಿಂದ ಬಂದಿಲ್ಲ ಅಜ್ಜಿ."

"ಮೇಲೆ ಅಂದ್ರೆ ಎಲ್ಲಿ?"

ಹುಡುಗ ಸೂರಿನ ಕಡೆ ನೋಡಿದ. ಅಜ್ಜಿಯೂ ನೋಡಿದರು. ನಾನು ಎರಡನೆಯ ಸುದ್ದಿಗೆ ಹಾರಿದೆ.

"ಚಂದ್ರನಿಗೆ ರೇಡಿಯೋ ಅಲೆ ಕಳಿಸಿ ವಾಪಸು ಪಡೆದ ಅಮೆರಿಕದ ವಿಜ್ಞಾನಿಗಳು. ಹೋಗಿಬರಲು ಕೆಲವೇ ಕ್ಷಣ."

"ಅಲ್ಲಿಗೋಗಿ ವಾಪಸ್ಸೂ ಬಂತಾ?" ದೊಡ್ಡಪ್ಪನವರು ಅರ್ಧ ಎದ್ದೇಬಿಟ್ಟರು. "ನಾವ್ ಪಟ್ಣದಿಂದ ಇಲ್ಗೆ ಬರೋಕೆ ಈಟೊತ್ತಾಯ್ತಲ್ಲಪ್ಪಾ!"

ಅಜ್ಜಿ ಹುಡುಗನ ಮುಂದಿನಿಂದ ಕದಲಿರಲಿಲ್ಲ. "ಚಂದ್ರಂಗೆ ಕಳ್ಸಾಕೆ ಐತೆ, ನಮ್ ಲಾಟೀನ್ಗೆ ಸೀಮೆಣ್ಣೆ ಇಲ್ವಾ?"

"ಸೀಮೆಎಣ್ಣೆ ನಂದಲ್ಲ ಅಜ್ಜಿ, ಪಕ್ಕದ ಟೇಬಲ್ಲು."

ನನಗೆ ನಗು ತಡೆಯಲಾಗಲಿಲ್ಲ. ತಲೆಯೆತ್ತಿ ನೋಡಿದರೆ ಅವನೂ ನಗುತ್ತಿದ್ದಾನೆ. ಅಪ್ಪಯ್ಯ ಕೆಮ್ಮಿದರು. ನಾನು ಮುಖ ಬಿಗಿದುಕೊಂಡು ಮೂರನೆಯದನ್ನು ಓದಿದೆ.

"ಗುಂಡುಸೂಜಿಯ ತಲೆಯಷ್ಟು ಪರಮಾಣು ವಸ್ತುವಿನಿಂದ ಮೋಟಾರು ಓಡುವ ಕಾಲ ದೂರವಿಲ್ಲ."

ದೊಡ್ಡಪ್ಪನವರು ತಮ್ಮ ಎರಡು ಅಂಗೈಗಳನ್ನೂ ಬಿಡಿಸಿ ನೋಡಿಕೊಂಡರು. ಮಸಿ ಗೆರೆಗೆರೆಯಲ್ಲೂ ಕೂತಿತ್ತು. "ಅದ್ನೂ ತಳ್ಬೇಕಂತಾ? ಮುಂದಕ್ ಓದವ್ವ, ಬರ್ದವ್ರಾ ನೋಡು."

ಹುಡುಗ ಕಾಫಿ ಲೋಟದಲ್ಲಿ ಮುಖ ಹುದುಗಿಸಿಕೊಂಡು ಕುಲುಕುಲು ನಕ್ಕ. ಹಿಂದೆ ಬಂದ ಎರಡು ಗಂಡುಗಳು ನಮ್ಮ ಮನೆಯಲ್ಲಿ ಹಲ್ಲು ಬಿಟ್ಟಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಶಿವನೇ, ಈ ಮಸಿಕಿವಿಯವನೇ ಆಗಲಿ ಎಂದು ನಾನು ಆ ಕ್ಷಣವೇ ಬೇಡಿಕೊಂಡೆ.

ಬೇಡಿಕೊಂಡು ಹಾಳೆ ತಿರುವಿದರೆ ಎದುರಿಗೇ ಇತ್ತು: ಯುದ್ಧಕಾಲದ ಹಂಗಾಮಿ ನೌಕರರನ್ನು ಬಿಡುಗಡೆ ಮಾಡಲು ಸರ್ಕಾರದ ಆಲೋಚನೆ. ಕೆಳಗೆ ಸಣ್ಣಕ್ಷರದಲ್ಲಿ ರೇಷನ್ ಆಫೀಸುಗಳ ಹೆಸರೂ ಇತ್ತು. ಅವನ ಮುಖ ನೋಡಿದೆ, ನಗು ಹೋಗಿತ್ತು. ಬಸ್ಸಿನಲ್ಲಿ ಅವನಿಗೆ ತಲೆ ಸುತ್ತಿದ್ದು ಯಾಕೆಂದು ಆಗ ತಿಳಿಯಿತು. ಪಕ್ಕದಲ್ಲೇ ಬೆಲ್ಲದ ಧಾರಣೆ ಇತ್ತು. ಅಲ್ಲಿಗೆ ಜಾರಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಾರುವುದರಲ್ಲೇ ಇದ್ದೆ.

"ಅದನ್ನೂ ಓದಿ," ಎಂದ ಅವನು.

ಓದಿದೆ. ಅವನು ಅಪ್ಪಯ್ಯನ ಕಡೆ ತಿರುಗಿ ಹೇಳಿದ: "ನಂದೂ ಹಂಗಾಮಿನೇ. ಬಸ್ಸಲ್ಲಿ ಇದನ್ನ ನೋಡಿ ಬಾಯಿ ಕಟ್ಟೋಯ್ತು. ಮುಚ್ಚಿಟ್ಟು ಹೆಣ್ಣು ಕೇಳೋದು ಬೇಡ."

ಅಪ್ಪಯ್ಯ ಎದ್ದು ಹೆಗಲ ಮೇಲಿನ ವಸ್ತ್ರ ಕೊಡವಿದರು. "ಸರಿ. ಕಾಗದ ಬರೀತೀವಿ." ಹಿಂದೆಯೂ ಹಾಗೇ ಎಂದಿದ್ದರು, ಯಾರಿಗೂ ಯಾವ ಕಾಗದವೂ ಹೋಗಿರಲಿಲ್ಲ. ಅಜ್ಜಿ ನನ್ನನ್ನು ಕಣ್ಣಲ್ಲೇ ಗದರಿದರು. ಆದರೆ ಬಾಯಿ ಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಯಾವತ್ತು ಸಿಗಬೇಕಿತ್ತು?

"ಅಪ್ಪಯ್ಯ, ಮೊದ್ಲು ಏನ್ ಓದ್ದೆ? ಸಕ್ಕರೆ ಇಲ್ಲ, ಮುಂದಕ್ಕೂ ಸಿಗಲ್ಲ. ಇಲ್ಲ ಅಂದ್ಮೇಲೆ, ಇಲ್ಲ ಅಂತ ಹೇಳೋಕೆ ಜನ ಬೇಡ್ವಾ? ಇರೋದನ್ನಾದ್ರೆ ಯಾರು ಬೇಕಾದ್ರೂ ಹಂಚ್ತಾರೆ. ಇಲ್ದೇ ಇರೋದನ್ನ ಹಂಚೋಕೆ ಆಫೀಸೇ ಬೇಕು!"

"ಅದೂ ದಿಟವೇ ಕಣ್ಲಾ," ಎಂದರು ಅಜ್ಜಿ. ಅಪ್ಪಯ್ಯ ಪೇಪರ್ ಇಸಿದುಕೊಂಡು ಮೊದಲನೆಯ ಸುದ್ದಿಯನ್ನು ತುಟಿಯಾಡಿಸುತ್ತಾ ತಾವೇ ಓದಿದರು. ಆಮೇಲೆ ಹುಡುಗನನ್ನು ಕೇಳಿದರು: "ಸಕ್ಕರೆ ಯಾವಾಗ ಬರಬಹುದು?"

"ಸದ್ಯಕ್ಕಂತೂ ಬರಲ್ಲ, ಮಾವ."

ಸಕ್ಕರೆ ಬರುವುದಿಲ್ಲವೆಂಬ ಮಾತಿಗೆ ಅಪ್ಪಯ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ. ಮಾವ ಎಂದದ್ದನ್ನೂ ಅದರಲ್ಲೇ ನುಂಗಿಕೊಂಡರು. ಮದುವೆಗೆಂದು ಅವರು ಹಾಕಿದ ಸಕ್ಕರೆಯ ಅರ್ಜಿಗೆ "ಇಲ್ಲ" ಎಂದು ಬರೆದವನು ಮದುಮಗನೇ. ಬೆಲ್ಲದ ಪಾಯಸ ಮಾಡಿಸಿದೆವು.

ಇವರ ಕೆಲಸ ಹೋಗಲಿಲ್ಲ, ಅರಕಲಗೂಡಿಗೆ ವರ್ಗವಾಯಿತು. ಅಲ್ಲಿ ದಿನಾ ಪೇಪರ್ ಬಂದ ಕೂಡಲೇ ನಾನು ಮೊದಲು ಹುಡುಕುತ್ತಿದ್ದದ್ದು ಸಕ್ಕರೆಯ ಸುದ್ದಿ. ಅಭಾವ ಎಂದಿದ್ದರೆ ನೆಮ್ಮದಿಯಾಗಿ ಅನ್ನಕ್ಕಿಡುತ್ತಿದ್ದೆ. ಊರಿನವರು ಬಯ್ಯುವ ಸುದ್ದಿಯಲ್ಲಿ ನಮ್ಮ ಅನ್ನವಿತ್ತು, ಏನು ಮಾಡುವುದು? ಸ್ವಾತಂತ್ರ್ಯ ಬಂದ ಮೇಲೆ ಒಂದು ಬೆಳಿಗ್ಗೆ ಬೀದಿಯೆಲ್ಲ ಗಲಾಟೆ. ಇವರು ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಸಕ್ಕರೆಯ ಪೊಟ್ಟಣ ಹಿಡಿದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಮದುವೆಯಾದ ಮೇಲೆ ನನಗೆ ಬಹುವಚನ ಹಚ್ಚಿದವರಲ್ಲ. ಆವತ್ತು ಪೇಪರನ್ನು ನನ್ನ ಕಡೆ ಚಾಚಿ, "ಅದನ್ನೂ ಓದಿ" ಎಂದರು.

ಸಕ್ಕರೆಯ ನಿಯಂತ್ರಣ ರದ್ದಾಗಿತ್ತು, ಇನ್ನು ಅದನ್ನು ಹಂಚಲು ಆಫೀಸು ಬೇಕಿರಲಿಲ್ಲ. ಬೆಲ್ಲದ ಮಂಡಿಯ ಮಗಳು ನಾನು, ಆ ಮನೆಯಲ್ಲಿ ಮೊದಲ ಸಲ ಸಕ್ಕರೆ ಹಾಕಿ ಕಾಫಿ ಮಾಡಿದೆ. ಇಬ್ಬರೂ ಎದುರುಬದುರು ಕೂತು ಒಂದು ಗುಟುಕೂ ಬಿಡದೆ ಕುಡಿದೆವು. ಹಾಳಾದ್ದು, ಬಲು ಚೆನ್ನಾಗಿತ್ತು.