ನಡತೆ ಬರೆದ ಗುಮಾಸ್ತರು

ಮೂವತ್ತೊಂದು ವರ್ಷ ಒಂದೇ ಶಾಲೆಯ ಕಚೇರಿಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಗುಮಾಸ್ತರು ಸಾವಿರಾರು ಜನರ ನಡತೆ ಬರೆದರು. ಶಾಲೆ ಬಿಡುವ ಪ್ರತಿಯೊಬ್ಬರಿಗೂ ಒಂದು ಪ್ರಮಾಣಪತ್ರ, ಅದರ ಕೊನೆಯ ಸಾಲು ‘ನಡತೆ’. ಮೊದಲ ಐದು ವರ್ಷ ಅಲ್ಲಿ ‘ತೃಪ್ತಿಕರ’ ಎಂದು ದುಂಡಗೆ ಕೈಯಲ್ಲೇ ಬರೆದರು. ಆರನೆಯ ವರ್ಷ ಮಣಿಕಟ್ಟು ನೋಯತೊಡಗಿ ಒಂದು ರಬ್ಬರ್ ಮೊಹರು ಮಾಡಿಸಿದರು. ಆಮೇಲೆ ಕಂಡವರ ಊಟದ ಡಬ್ಬಿ ಖಾಲಿ ಮಾಡಿದವನಿಗೂ ಅದೇ ಮೊಹರು, ಡಬ್ಬಿ ಕಳೆದುಕೊಂಡು ಅತ್ತವನಿಗೂ ಅದೇ. ದೇವರು ಕೂಡ ಇಷ್ಟು ಧಾರಾಳವಾಗಿ ತೀರ್ಪು ಕೊಟ್ಟಿರಲಾರ.

ಒಂದೇ ಒಂದು ಸಲ ಆ ಮೊಹರಿಗೆ ಬಿಡುವು ಸಿಕ್ಕಿತ್ತು. ಶಾಲೆಯ ನೀರಿನ ತೊಟ್ಟಿಯ ನಲ್ಲಿಗೆ ಜೋತುಬಿದ್ದು ಅದನ್ನು ಮುರಿದವನು ಆಡಳಿತ ಮಂಡಳಿಯ ದೊಡ್ಡವರೊಬ್ಬರ ಮಗ. ಮುರಿದವನು ಓಡಿಹೋದ. ನೀರು ಪೋಲಾಗುತ್ತಿದೆಯಲ್ಲಾ ಎಂದು ತನ್ನ ಅಂಗಿಯನ್ನೇ ಬಿಚ್ಚಿ ಕಟ್ಟುತ್ತಿದ್ದ ಸಹಪಾಠಿ ಒದ್ದೆಕೈಯಲ್ಲಿ ಹೆಡ್‌ಮಾಸ್ತರರಿಗೆ ಸಿಕ್ಕಿಬಿದ್ದ.

“ನಾನಲ್ಲ ಸಾರ್. ಕಿಟಕೀಲಿ ಗುಮಾಸ್ತರು ಕೂತಿದ್ರು, ಬೇಕಾದ್ರೆ ಅವರನ್ನ ಕೇಳಿ” ಎಂದ.

ಗುಮಾಸ್ತರು ಎಲ್ಲವನ್ನೂ ನೋಡಿದ್ದರು. ಆದರೆ ಅವರ ಬಡ್ತಿಯ ಕಾಗದ ಅದೇ ದೊಡ್ಡವರ ಸಹಿಗಾಗಿ ಕಾದಿತ್ತು. “ನಾನು ರಿಜಿಸ್ಟರ್ ಬರೀತಿದ್ದೆ ಸಾರ್, ಗಮನಿಸ್ಲಿಲ್ಲ” ಎಂದುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಡ್‌ಮಾಸ್ತರರ ಅಪ್ಪಣೆಯಂತೆ ಆ ಸಹಪಾಠಿಯ ಪ್ರಮಾಣಪತ್ರದಲ್ಲಿ ಕೆಂಪು ಶಾಯಿಯಲ್ಲಿ ‘ತೃಪ್ತಿಕರವಲ್ಲ’ ಎಂದು ಬರೆದರು. ಅಕ್ಷರ ಮಾತ್ರ ಎಂದಿನಂತೆ ದುಂಡಗಿತ್ತು.

ಆ ಕಾಗದ ಹಿಡಿದು ಹೋದವನಿಗೆ ಯಾವ ಕಚೇರಿಯಲ್ಲೂ ಕೆಲಸ ಸಿಗಲಿಲ್ಲ. ಅವನು ನಲ್ಲಿ ರಿಪೇರಿ ಕಲಿತು ಪಕ್ಕದ ಬೀದಿಯಲ್ಲೇ ನೆಲೆಯಾದ. ಗುಮಾಸ್ತರ ಮನೆಗೂ ಬರುತ್ತಿದ್ದ. “ವಾಷರ್ ಹೋಗಿದೆ ಯಜಮಾನ್ರೇ” ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅವನು ಬಂದಾಗಲೆಲ್ಲ ಗುಮಾಸ್ತರಿಗೆ ಒಳಕೋಣೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಮ್ಮೆಯಾದರೂ ಅವನು ಬೈದಿದ್ದರೆ ಅವರಿಗೆ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು.

ನಲ್ಲಿ ಮುರಿದವನು ನಗರಸಭೆಯ ಅಧ್ಯಕ್ಷನಾದ. ಅದರಲ್ಲಿ ಆಶ್ಚರ್ಯವೇನಿಲ್ಲ.

ನಗರದ ಕುಡಿಯುವ ನೀರಿನ ಯೋಜನೆಯಲ್ಲಿ ಪೈಪುಗಳು ಕಾಗದದ ಮೇಲೆ ಮಾತ್ರ ಇವೆ ಎಂದು ಪತ್ರಿಕೆಯೊಂದು ಬರೆಯಿತು. ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಧ್ಯಕ್ಷರು ಮರುದಿನವೇ ಸುದ್ದಿಗಾರರನ್ನು ಕರೆದರು. ಪೈಪು ತೋರಿಸಿ ಎಂದರೆ ತಮ್ಮ ಶಾಲಾ ಪ್ರಮಾಣಪತ್ರ ತೋರಿಸಿದರು.

“ನನ್ನ ನಡತೆ ಇಲ್ಲಿದೆ ನೋಡಿ. ನಮ್ಮ ಗುಮಾಸ್ತರು ಸುಮ್ಸುಮ್ನೆ ಬರೆದುಕೊಡೋರಲ್ಲ. ನನ್ನ ಕ್ಲಾಸಲ್ಲೇ ಒಬ್ಬನಿಗೆ ಕೆಂಪು ಶಾಯಿ ಬಿತ್ತು. ಬೇಕಿದ್ರೆ ಹೋಗಿ ಕೇಳಿ.”

ಸಂಜೆಯೊಳಗೆ, ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದ ಗುಮಾಸ್ತರ ಹಜಾರದಲ್ಲಿ ಕ್ಯಾಮೆರಾ ನಿಂತಿತು. ಮಾತಾಡಿಸದೆ ಹೋಗುತ್ತಿದ್ದ ನೆರೆಯವರು ಕಿಟಕಿಯಲ್ಲಿ ಇಣುಕಿದರು. ಅಧ್ಯಕ್ಷರ ಕಡೆಯವನೊಬ್ಬ ಬಂದು, ಶಾಲೆಯ ಹೊಸ ಗ್ರಂಥಾಲಯಕ್ಕೆ ಗುಮಾಸ್ತರ ಹೆಸರನ್ನೇ ಇಡುವ ಆಲೋಚನೆಯಿದೆ ಎಂದು ಕಿವಿಯಲ್ಲಿ ಹೇಳಿದ. ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಂಡಿಯನ್ನು ಎರಡು ಸಲ ತಪ್ಪಾಗಿ ಹಾಕಿದರು.

ಹೆಂಡತಿ ಹತ್ತಿರ ಬಂದು ಗುಂಡಿ ಸರಿಮಾಡುತ್ತಾ ಹೇಳಿದರು: “ರೀ, ಆವತ್ತು ರಿಜಿಸ್ಟರ್ ಬರೀತಿದ್ದೆ ಅಂದ್ರಿ. ಇವತ್ತು ನಿಮ್ಮ ಮುಂದೆ ರಿಜಿಸ್ಟರ್ ಇಲ್ಲ.”

ಗುಮಾಸ್ತರು ಕ್ಯಾಮೆರಾ ಮುಂದೆ ಕೂತರು. ಮೊಹರಿನ ಕಥೆ ಹೇಳಿದರು, ನಲ್ಲಿಯ ಕಥೆ ಹೇಳಿದರು, ಕಿಟಕಿಯಿಂದ ಯಾರನ್ನು ಕಂಡೆ ಎಂಬುದನ್ನೂ ಹೇಳಿದರು. “ಆ ಕೆಂಪು ಶಾಯಿ ನನಗೆ ಬೀಳಬೇಕಿತ್ತು” ಎಂದಾಗ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷದ ಭಾರ ಇಳಿದಂತಾಯಿತು.

ಸುದ್ದಿ ಬಂತು. “ಸುಳ್ಳು ನಡತೆ ಕೊಟ್ಟ ಗುಮಾಸ್ತ! ಕಣ್ಣೀರೂ ನಾಟಕವೇ?” ಮೂರು ದಿನ ಚರ್ಚೆಯೋ ಚರ್ಚೆ. ಗುಮಾಸ್ತರನ್ನು ಒಮ್ಮೆಯೂ ಮಾತಾಡಿಸದ ನಾಲ್ವರು ಅವರ ಚಾರಿತ್ರ್ಯವನ್ನು ಜಾಲಾಡಿದರು. ಅವರಲ್ಲಿ ಇಬ್ಬರ ಪ್ರಮಾಣಪತ್ರಕ್ಕೆ ಅದೇ ಮೊಹರು ಬಿದ್ದಿತ್ತು, ಆ ಮಾತು ಬೇರೆ. ಅಧ್ಯಕ್ಷರು ಗಂಭೀರ ಮುಖ ಮಾಡಿ, “ಇಂಥವರಿಂದಲೇ ಸಮಾಜ ಕೆಟ್ಟಿರೋದು. ತನಿಖೆ ಆಗಲೇಬೇಕು” ಎಂದರು. ಪೈಪಿನ ಮಾತು ಎಲ್ಲರಿಗೂ ಮರೆತುಹೋಯಿತು. ಗ್ರಂಥಾಲಯದ ಮಾತಂತೂ ಮತ್ತೆ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಲ್ಲಿ ರಿಪೇರಿಯವನು ಬಂದ. ಯಾರೂ ಕರೆದಿರಲಿಲ್ಲ. ಈ ಸಲ ಗುಮಾಸ್ತರು ಒಳಕೋಣೆಗೆ ಹೋಗಲಿಲ್ಲ. ಮೇಜಿನ ಖಾನೆಯಿಂದ ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ ಹಾಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವನ ಹೆಸರು, ಹುಟ್ಟಿದ ದಿನ, ಕೊನೆಯಲ್ಲಿ ‘ನಡತೆ: ನನಗಿಂತ ಉತ್ತಮ’. ಮೊಹರಲ್ಲ, ಕೈಬರಹ. ಅಕ್ಷರ ಮೊದಲ ಸಲ ಅಂಕುಡೊಂಕಾಗಿತ್ತು.

ಅವನು ನಿಧಾನವಾಗಿ ಓದಿದ. ಆಮೇಲೆ ನಕ್ಕ.

“ಇದನ್ನ ಈಗ ಯಾರು ನಂಬ್ತಾರೆ ಯಜಮಾನ್ರೇ? ನಿಮ್ಮ ನಡತೆನೇ ಸರಿಯಿಲ್ಲ ಅಂತ ಟೀವೀಲಿ ಬಂತಲ್ಲ.”

ಅವನು ಹಾಳೆಯನ್ನು ನಾಲ್ಕಾಗಿ ಮಡಚಿದ, ಸ್ಪ್ಯಾನರ್ ಇರುವ ಜೇಬು ಬೇಡವೆಂದು ಎದೆಯ ಮೇಲಿನ ಜೇಬಿನಲ್ಲಿಟ್ಟುಕೊಂಡ. ಆಮೇಲೆ, ಬಂದ ಮೇಲೆ ಒಂದು ಸಲ ನೋಡಿಯೇ ಹೋಗೋಣ ಎಂದು ಹಿತ್ತಲಿನ ನಲ್ಲಿಯ ಕಡೆಗೆ ನಡೆದ.