ಮಗ್ಗದ ಕುಣಿಯೊಳಗಿನ ಹೀಟರ್

ಬೆಟಗೇರಿಯ ತಿಪ್ಪವ್ವ ಇಪ್ಪತ್ತಾರು ವರ್ಷದಿಂದ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ನೇಯ್ದ ಬಟ್ಟೆ ಸುತ್ತುವ ದಿಂಡು ಹೊಟ್ಟೆಗೆ ಅಡ್ಡ ಬರುತ್ತದೆ. ಥಟ್ಟನೆ ಏಳಲಾಗದು. ಪಕ್ಕಕ್ಕೆ ಜರುಗಿ, ಒಂದೊಂದೇ ಕಾಲು ಎಳೆದುಕೊಂಡು ಹೊರಬರಬೇಕು. ಇಷ್ಟು ತಿಳಿಯಲು ಒಂದು ದಿನ ಅಲ್ಲಿ ಕೂತರೆ ಸಾಕು. ಮಾಲೀಕ ಚನ್ನಬಸವಣ್ಣ ಒಂದು ದಿನವೂ ಕೂತವನಲ್ಲ.

ಈ ಜನವರಿಯ ಥಂಡಿಗೆ ಹೆಂಗಸರ ಪಾದ ಮರಗಟ್ಟಿ ನೇಯ್ಗೆ ನಿಧಾನವಾಯಿತು. ಆತ ತಂತಿ ಕೆಂಪಗೆ ಕಾಯುವ ಹೀಟರೊಂದನ್ನು ತಂದು, ಮಂಡಿನೋವಿನ ಸುಮಿತ್ರವ್ವನ ಕುಣಿಯೊಳಗೇ ಇಳಿಸಿದ. ಅಲ್ಲಲ್ಲಿ ಟೇಪು ಸುತ್ತಿದ ವೈರು ನೂಲಿನ ಲಡಿಗಳ ಕೆಳಗೆ ಹಾಯ್ದಿತ್ತು.

“ಸಾವಕಾರ್ರ, ಅದನ್ನ ಮ್ಯಾಲ ಇಡ್ರಿ. ಸೀರಿ ನಿರಿಗಿ ತಾಗಿದ್ರ ಆಕಿ ಹೆಂಗ ಏಳತಾಳ?” ಎಂದಳು ತಿಪ್ಪವ್ವ.

“ನಿನ್ನ ಕುಣ್ಯಾಗ ಇಟ್ಟಿಲ್ಲಂತ ಹೊಟ್ಟಿಕಿಚ್ಚೇನ?”

“ನನ್ನ ಹೊಟ್ಟಿಕಿಚ್ಚಿಗೆ ಕರೆಂಟ್ ಬೇಕಾಗಂಗಿಲ್ರಿ.”

ಹೆಂಗಸರು ನಕ್ಕರು. ಆತ ನಗಲಿಲ್ಲ. “ಅಂಜಿಕಿ ಇದ್ರ ನಾಳಿಂದ ಬರಬ್ಯಾಡ” ಎಂದ.

ಮೂರನೆಯ ದಿನ ಬೆಳಿಗ್ಗೆ ಸುಮಿತ್ರವ್ವ ಚೀರಿದಳು. ನಿರಿಗೆ ಹತ್ತಿಕೊಂಡಿತ್ತು, ದಿಂಡಿನ ಹಿಂದೆ ಸಿಕ್ಕಿಬಿದ್ದ ಆಕೆ ಏಳಲಾರಳು. ಪಕ್ಕದ ಮಗ್ಗದ ನಾಗರತ್ನಾ ನೀರಿನ ಕೊಡ ಎತ್ತಿಕೊಂಡು ಓಡಿಬಂದಳು.

“ತಡಿ ನಾಗೂ, ಕರೆಂಟ್ ಐತಿ!” ಎಂದು ಕೂಗುತ್ತ ತಿಪ್ಪವ್ವ ತನ್ನ ಕುಣಿಯಿಂದ ಹೊರಬಂದು, ಸ್ವಿಚ್ ಆರಿಸಿ ಪ್ಲಗ್ ಕಿತ್ತಳು. “ಈಗ ಸುರಿ!”

ಅಷ್ಟರಲ್ಲಿ ಸುಮಿತ್ರವ್ವನ ಮೀನಖಂಡವೆಲ್ಲ ಬೊಬ್ಬೆ ಎದ್ದಿತ್ತು.

ಚನ್ನಬಸವಣ್ಣ ಬಂದವನೇ ಬಗ್ಗಿ ನೋಡಿದ್ದು ಸುಮಿತ್ರವ್ವನ ಕಾಲನ್ನಲ್ಲ, ಮಗ್ಗದ ಮೇಲಿನ ರೇಷ್ಮೆ ನೂಲನ್ನು. ಆಮೇಲೆ ದನಿ ತಗ್ಗಿಸಿ, “ದವಾಖಾನ್ಯಾಗ ಮನೀ ಒಲಿ ತಾಗಿತು ಅಂತ ಹೇಳ್ರಿ” ಎಂದ.

ಒಲೆ! ಹೆಂಗಸಿನ ಮೈ ಸುಟ್ಟರೆ ಎಲ್ಲ ತಪ್ಪೂ ಒಲೆಯದೇ.

ದವಾಖಾನೆಯಲ್ಲಿ ಬರೆದುಕೊಳ್ಳುವವನ ಮುಂದೆ ತಿಪ್ಪವ್ವ ನಿಂತಳು. “ಮಗ್ಗದ ಕುಣ್ಯಾಗ ಸುಟ್ಟೈತಿ. ಹೀಟರ್ ಇಟ್ಟಾಂವ ಮಾಲಕ. ಹಂಗ ಬರೀರಿ.” ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಅಲ್ಲಿಂದ ಸರಿದಳು.

ಮರುದಿನ ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದಳು. ದವಾಖಾನೆಯ ಕಾಗದದಲ್ಲಿ ಹೀಟರಿನ ಮಾತು ಬಿದ್ದ ಮೇಲೆ ಆಕೆಗೆ ಬರಬೇಡ ಎನ್ನಲು ಚನ್ನಬಸವಣ್ಣ ಅಂಜಿದ. ಹೊಸ ಹೀಟರ್ ಈಗ ತಿಪ್ಪವ್ವ ತೋರಿಸಿದ ಕಡೆ ಇದೆ: ಬರಿಯ ನೆಲದ ಮೇಲೆ, ನೂಲಿಗೂ ಸೀರೆಗೂ ದೂರ, ವೈರು ನೇರ ಗೋಡೆಯ ಪ್ಲಗ್ಗಿಗೆ. ಸಂಜೆ ಅದನ್ನು ಕಿತ್ತಿಟ್ಟೇ ಆಕೆ ಮನೆಗೆ ಹೋಗುತ್ತಾಳೆ.

ಸುಮಿತ್ರವ್ವನ ಕುಣಿ ಖಾಲಿ ಬಿದ್ದಿದೆ. ಆಕೆಯ ಕಾಲು ಇನ್ನೂ ಮಡಚಲು ಬಾರದು. ಹೀಟರ್ ಈಗಿರುವ ಆ ಬರಿಯ ನೆಲ ಮೊದಲ ದಿನವೂ ಅಲ್ಲೇ ಇತ್ತು.