ಅಪ್ಪನ ಪದಕ, ಮಾವನ ಅಕ್ಷರ

ಹೋದ ವಾರ ಸುಲ್ತಾನ್ ಬಜಾರಿನಲ್ಲಿ ಮಗಳಿಗೆ ನೋಟುಬುಕ್ಕು ಕೊಳ್ಳುತ್ತ ನಿಂತಿದ್ದೆ. ಅಂಗಡಿಯವನ ಕೈಯಿಂದ ಮಸಿ ಬಾಟಲಿ ಜಾರಿ ಒಡೆಯಿತು. ಆ ವಾಸನೆಗೆ ನನ್ನ ಸೋದರಮಾವ ಎದುರಿಗೆ ಬಂದು ನಿಂತಂತಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬೆರಳ ತುದಿಯಲ್ಲಿ ಎಂದೂ ಹೋಗದ ನೀಲಿ ಕಲೆ... ಅವರು ಹೋಗಿ ವರ್ಷಗಳಾದವು. ನನ್ನ ಸಿಟ್ಟು ಮಾತ್ರ ಹೋಗಿಲ್ಲ.

ಮಾವ ನಾಂಪಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಊರು ಬಿಟ್ಟು ಬಂದ ನಮ್ಮ ಬಳಗದಲ್ಲಿ ಇಂಗ್ಲಿಷ್ ಓದಬಲ್ಲವರು ಅವರೊಬ್ಬರೇ. ಯಾರ ಮನೆಗೆ ಕಾಗದ ಬಂದರೂ ಅವರೇ ಒಡೆಯಬೇಕು, ಅವರೇ ಓದಿ ಹೇಳಬೇಕು. ಅಪ್ಪ ಗಾರೆ ಕೆಲಸದವನು. ಎಲ್ಲಿ ಕಟ್ಟಡ ಏಳುತ್ತದೋ ಅದರ ಪಕ್ಕದಲ್ಲಿ ನಮ್ಮ ತಗಡಿನ ಶೆಡ್ಡು. ಕಟ್ಟಡ ಮುಗಿಯಿತೆಂದರೆ ಶೆಡ್ಡನ್ನೂ ಕಿತ್ತಾಯಿತು. ಇಂಥವರಿಗೆ ವಿಳಾಸ ಎಲ್ಲಿಯದು? ನಮ್ಮ ಜನರೆಲ್ಲ ಮಾಡುವ ಹಾಗೆ ಅಪ್ಪನೂ ನೌಕರಿಯಲ್ಲಿರುವ ನೆಂಟನ, ಅಂದರೆ ಮಾವನ, ಕ್ವಾರ್ಟರ್ಸನ್ನೇ ಎಲ್ಲ ಕಾಗದಪತ್ರಗಳಲ್ಲೂ ಖಾಯಂ ವಿಳಾಸ ಎಂದು ಬರೆಸಿದ್ದ.

ಗಾರೆ ಕೆಲಸಕ್ಕೆ ಬರುವ ಮೊದಲು ಅವನು ಸೈನ್ಯದಲ್ಲಿ ಅಡುಗೆಯವನಾಗಿದ್ದ. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಬಂದವನು. ಅದನ್ನು ಹೇಳಿಕೊಂಡದ್ದು ಒಂದೆರಡು ಸಲ, ಅಷ್ಟೇ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಮೂರನೆಯ ಮಹಡಿಯ ಸಾರವೆಯಿಂದ ಬಿದ್ದು ತೀರಿಕೊಂಡ. ನನ್ನ ಶಾಲೆಯೂ ಅಲ್ಲಿಗೆ ಮುಗಿಯಿತು. ಉಳಿದದ್ದು ಅವನ ಕಬ್ಬಿಣದ ಟ್ರಂಕು. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಸೈನ್ಯದ ನಂಬರು.

ಮಾವ ಬಂದಾಗಲೆಲ್ಲ ಆ ಟ್ರಂಕಿನ ಮೇಲೆಯೇ ಕೂರುತ್ತಿದ್ದರು.

“ಯುದ್ಧ ಅಂತ ಯುದ್ಧ! ನಿಮ್ಮಪ್ಪ ಲಟ್ಟಣಿಗಿ ತೋರ್ಸಿ ವೈರಿಗಳನ್ನ ಓಡ್ಸಿದ್ದಪಾ. ಖರೇ ಹೋಗಿದ್ದ ಅಂದ್ರ ಪದಕ ಎಲ್ಲೈತಿ? ತೋರ್ಸು ನೋಡೂಣು.”

ಬಳಗದವರೆಲ್ಲ ನಗುತ್ತಿದ್ದರು. ಅವ್ವ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಮಾವ ನನ್ನ ಕಡೆ ತಿರುಗಿ, “ಇವನೂ ಅಪ್ಪನ ಹಂಗ ಅಂಗಠಾ ಛಾಪ್, ಬರೇ ಹೆಬ್ಬಟ್ಟು” ಅನ್ನುತ್ತಿದ್ದರು. ಆ ನಗುಗಳನ್ನು ನಾನು ಒಂದೊಂದಾಗಿ ಕೂಡಿಟ್ಟುಕೊಂಡೆ.

ಮುಂದೆ ಊರ ತುಂಬ ಗಾಜಿನ ಕಟ್ಟಡಗಳು ಎದ್ದವು. ಕಂಪ್ಯೂಟರ್ ಹುಡುಗರು ನಡೆದಾಡುವ ಎಷ್ಟೋ ಮಹಡಿಗಳ ಗ್ರಾನೈಟು ಹಾಸಿದ್ದು ನನ್ನ ಕೈ. ಅಂಥದೊಂದು ಕಟ್ಟಡದ ಗೇಟಿನಲ್ಲಿ ಬೀದರ್ ಕಡೆಯ ನಿವೃತ್ತ ಹವಾಲ್ದಾರರು ಕಾವಲಿಗಿದ್ದರು. ಚಹಾ ಕುಡಿಯುವಾಗ ಅಪ್ಪನ ವಿಷಯ ತೆಗೆದೆ. ಅಡುಗೆಯವನು ಎನ್ನಲು ನಾಲಿಗೆ ತಡವರಿಸಿತು.

“ಯಾಕ ನಾಚ್ತೀಯೋ? ಲಂಗರಿನಾಗ ಅಡಿಗಿ ಮಾಡಾಂವನೂ ಫೌಜಿನ. ಹೊಟ್ಟಿಗಿ ರೊಟ್ಟಿ ಇಲ್ಲಂದ್ರ ಬಂದೂಕ ತಾನ ನಡೀತದೇನು? ನಂಬರ್ ಐತೇನು ಹೇಳು.”

ಟ್ರಂಕಿನ ನಂಬರು ನನಗೆ ಬಾಯಿಪಾಠ. ಅವರೇ ಅರ್ಜಿ ಬರೆದರು. ಸೈನ್ಯದ ದಾಖಲೆ ಕಚೇರಿಗೆ ಒಂದಲ್ಲ, ನಾಲ್ಕು ಸಲ ಬರೆದೆವು. ಕೊನೆಗೆ ಒಂದು ಪಾರ್ಸೆಲ್ಲು ಬಂತು. ಒಳಗೆ ಎರಡು ಪದಕ, ಅಂಚಿನಲ್ಲಿ ಅಪ್ಪನ ನಂಬರು, ಹೆಸರು. ಜೊತೆಗೆ ಬಣ್ಣಗೆಟ್ಟ ಒಂದು ಹಳೆಯ ಲಕೋಟೆ. ಪದಕಗಳನ್ನು ಹಿಂದೆಯೇ ಒಮ್ಮೆ ಕಳಿಸಿದ್ದರಂತೆ, ತಿರುಗಿ ಬಂದಿದ್ದವಂತೆ. ಲಕೋಟೆಯ ಮೇಲಿನ ಬರಹವನ್ನು ಹವಾಲ್ದಾರರು ಓದಿ ಹೇಳಿದರು. ಓದುವ ಮೊದಲೇ ನಾನು ಆ ಕೈ ಗುರುತಿಸಿದ್ದೆ. ಬಾಗಿದ ಅಕ್ಷರ, ಸಹಿಯ ಕೆಳಗೆ ಎಳೆದ ಉದ್ದ ಗೆರೆ...

ಆವತ್ತೇ ಹೋಗಿ ಮಾವನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಉಪ್ಪಲ್‌ನಲ್ಲಿ ನನ್ನ ಮನೆ ಮುಗಿಯುತ್ತ ಬಂದಿತ್ತು. ವಾಸ್ತುಶಾಂತಿಗೆ ಬಳಗವನ್ನೆಲ್ಲ ಕರೆದೆ. ಮಾವನಿಗೆ ಮೊದಲ ಸಾಲಿನ ಕುರ್ಚಿ ಹಾಕಿಸಿದೆ. ಎಲ್ಲರೂ ಕೂತ ಮೇಲೆ ಲಕೋಟೆಯನ್ನು ಅವರ ಕೈಗೆ ಕೊಟ್ಟೆ.

“ಮಾಮಾ, ಸರ್ಕಾರದ ಕಾಗದ. ನನಗ ಇಂಗ್ಲಿಷ್ ಓದಾಕ ಬರೂದಿಲ್ಲ. ನೀವ ಓದ್ರಿ. ಜೋರಾಗಿ ಓದ್ರಿ.”

ಕನ್ನಡಕ ಏರಿಸಿಕೊಂಡು ಶುರು ಮಾಡಿದರು. ಅಪ್ಪನ ನಂಬರು, ಅಪ್ಪನ ಹೆಸರು, ಕೇರಾಫ್ ಎಂದು ತಮ್ಮದೇ ಹೆಸರು. ಅಲ್ಲಿಗೆ ದನಿ ನಿಂತಿತು.

“ಕೆಳಗ ನೀಲಿ ಮಸಿಲೆ ಬರದೈತಲ್ರೀ, ಅದನ್ನೂ ಓದ್ರಿ. ಕನ್ನಡದಾಗ ಹೇಳ್ರಿ, ಅವ್ವಗ ತಿಳೀಲಿ.”

ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಂಡರು. ಆಮೇಲೆ, “ಈ ಹೆಸರಿನವರು ಇಲ್ಲಿ ಯಾರೂ ಇಲ್ಲ. ಹಿಂದಕ್ಕ ಕಳಸ್ರಿ...” ಎಂದರು. ಕೆಳಗೆ ಅವರದೇ ಸಹಿ. “ಅಡಿಗಿಯವಗ ಪದಕ ಅಂದ್ರ ಕಚೇರಿಯಾಗ ಮಂದಿ ನಕ್ಕಾರು ಅಂತ...” ಎಂದು ಏನೋ ಗೊಣಗಿದರು.

ಮೂಲೆಯಲ್ಲಿದ್ದ ಅವ್ವ ಎದ್ದು ಬಂದಳು. “ಅಣ್ಣಾ, ಇನ್ನೊಮ್ಮಿ ಓದು.”

ಓದಿದರು. ಯಾರೂ ನಗಲಿಲ್ಲ. ಎಲೆ ಹಾಕುವ ಮೊದಲೇ ಮಾವ ಚಪ್ಪಲಿ ಮೆಟ್ಟಿ ಹೋದರು. ಆ ದಿನದ ಊಟದಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ.

ಆಮೇಲೆ ಅವರು ನಮ್ಮ ಮೆಟ್ಟಿಲು ಹತ್ತಲಿಲ್ಲ. ಕಾಯಿಲೆ ಬಿದ್ದಾಗ ಒಮ್ಮೆ ಹೇಳಿ ಕಳಿಸಿದ್ದರು. ನಾನು ಹೋಗಲಿಲ್ಲ. ಬೇಕೆಂದೇ ಹೋಗಲಿಲ್ಲ.

ಅವರ ದಿನಕರ್ಮ ಮುಗಿಸಿ ಬಂದು ಅವ್ವ ಹೊಸ್ತಿಲಲ್ಲೇ ಕೂತಳು. ಯುದ್ಧದ ಹೊತ್ತಿಗೆ ಅವಳು ತನ್ನ ಈ ಅಣ್ಣನ ಮನೆಯಲ್ಲಿದ್ದಳು. ಅಪ್ಪ ಅಲ್ಲಿಗೇ ಕಾಗದ ಹಾಕುತ್ತಿದ್ದನಂತೆ.

“ಜೋಡಿದಾರರ ಕಡಿಂದ ನಾಕ್ ನಾಕ್ ಹಾಳಿ ಬರಸ್ತಿದ್ದ ನಿಮ್ಮಪ್ಪ. ನನಗೂ ಅಕ್ಷರ ಬರ್ತಿರಲಿಲ್ಲ. ನಮ್ಮಣ್ಣ ಓದಿ, ‘ಆರಾಮ ಅದಾನಂತ’ ಅಂತಿದ್ದ. ಅಷ್ಟ. ಮಡಚಿ ತನ್ನ ಕಪಾಟಿನಾಗ ಇಡಾಂವ. ನಾಕ್ ಹಾಳಿಯಾಗ ಅದೊಂದ ಮಾತಿತ್ತೇನೋ?”

ಆ ಕಪಾಟು ಕಾಗದಗಳ ಸಮೇತ ಕ್ವಾರ್ಟರ್ಸ್ ಬಿಡುವಾಗಲೇ ರದ್ದಿಯವನ ಪಾಲಾಗಿತ್ತು. ಅಪ್ಪನ ಅಷ್ಟೂ ಹಾಳೆಗಳು ಇದ್ದದ್ದು ಮಾವನ ತಲೆಯಲ್ಲಿ ಮಾತ್ರ. ಈಗ ನನ್ನ ಮಗಳು ಪದಕಗಳನ್ನು ಅಂಗೈಯಲ್ಲಿಟ್ಟುಕೊಂಡು, ಅಜ್ಜ ಯುದ್ಧದಲ್ಲಿ ಏನೇನು ಕಂಡ ಎಂದು ಕೇಳುತ್ತಾಳೆ. ಮಾವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಹೇಳಿ ಕಳಿಸಿದ ಆ ದಿನ ಹೋಗಬೇಕಿತ್ತು. ಸಿಟ್ಟು ಸಿಟ್ಟಾಗಿಯೇ ಇರಲಿ, ಮಂಚದ ಪಕ್ಕ ಕೂತು ಇನ್ನೊಂದು ಸಲ ಅನ್ನಬೇಕಿತ್ತು... ಓದ್ರಿ ಮಾಮಾ, ಪೂರ್ತಿ ಓದ್ರಿ.